ನಂಜುಂಡಿ ಕಲ್ಯಾಣ ನೋಡಿ ಜಗಳವಾಡಿದ ಮನೆಗಳು

ಹಬ್ಬದ ಮಧ್ಯಾಹ್ನ ಟಿವಿಯಲ್ಲಿ ‘ನಂಜುಂಡಿ ಕಲ್ಯಾಣ’ ಬಂದರೆ ನಮ್ಮನೆ ಈಗಲೂ ಎರಡು ಪಾರ್ಟಿ ಆಗುತ್ತೆ. ದೊಡ್ಡಪ್ಪನದು ಒಂದೇ ಮಾತು: ‘ಗಂಡ್ಸು ಅಂದ್ರೆ ಹಿಂಗಿರ್ಬೇಕು ಕಣ್ಲಾ. ಸೊಕ್ಕು ಇಳಿಸ್ದ ನೋಡು.’ ರಾಮನಗರದ ರೇಷ್ಮೆ ಫಿಲೇಚರ್‌ನಲ್ಲಿ ವರ್ಷಗಟ್ಟಲೆ ಬಿಸಿನೀರಲ್ಲಿ ಕೈಯಿಟ್ಟು ನೂಲು ತೆಗೆದ ಚಿಕ್ಕಮ್ಮ ಇದಕ್ಕೆ ಒಪ್ಪೋದಿಲ್ಲ. ‘ಸೊಕ್ಕು ಇರೋಗಂಟ ಪಿಚ್ಚರ್ ಚೆಂದಾಗೈತೆ. ಇಳಿದ್ ಮೇಲೆ ನೋಡಕ್ಕೆ ಏನೈತೆ?’

ಈ ಜಗಳ ನಮ್ಮನೆಯದು ಮಾತ್ರ ಅಲ್ಲ, ಸಿನಿಮಾಕ್ಕಿಂತಲೂ ಹಳೆಯದು.

‘ನಂಜುಂಡಿ ಕಲ್ಯಾಣ’ ಬಂದದ್ದು 1989ರಲ್ಲಿ. ಆಗ ರಾಮನಗರ ಜಿಲ್ಲೆ ಅಂತಲೇ ಇರಲಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರು ಗ್ರಾಮಾಂತರದ ತಾಲ್ಲೂಕುಗಳು. ಎಂ.ಎಸ್. ರಾಜಶೇಖರ್ ನಿರ್ದೇಶನ, ಚಿ. ಉದಯಶಂಕರ್ ಬರವಣಿಗೆ, ಉಪೇಂದ್ರಕುಮಾರ್ ಸಂಗೀತ. ನಾಯಕ ರಾಘವೇಂದ್ರ ರಾಜ್‌ಕುಮಾರ್. ನಾಯಕಿ ಮಾಲಾಶ್ರೀ, ಕನ್ನಡದವರಿಗೆ ಆಗಿನ್ನೂ ಹೊಸ ಮುಖ. ಯಾರ ಮಾತಿಗೂ ಬಗ್ಗದ ಶ್ರೀಮಂತರ ಮನೆ ಹುಡುಗಿಯನ್ನು ಒಬ್ಬ ಹುಡುಗ ಮದುವೆಯಾಗಿ ದಾರಿಗೆ ತರುತ್ತಾನೆ. ಕಥೆ ಅಷ್ಟೇ. ಸಿನಿಮಾ ಮಾತ್ರ ಭರ್ಜರಿಯಾಗಿ ಓಡಿತು.

ಈ ಕಥೆ ಬಂದದ್ದು ಪರ್ವತವಾಣಿ ಅವರ ‘ಬಹದ್ದೂರ್ ಗಂಡ’ ನಾಟಕದಿಂದ. ಪರ್ವತವಾಣಿ ಅದನ್ನು ತಂದದ್ದು ಷೇಕ್ಸ್‌ಪಿಯರ್‌ನಿಂದ. ಇಂಗ್ಲೆಂಡಿನಲ್ಲಿ 400 ವರ್ಷಕ್ಕೂ ಹಿಂದೆ ಅವನು ಬರೆದ ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿ ಗಂಡ ಹೊಸ ಹೆಂಡತಿಗೆ ಊಟ ಕೊಡಿಸಲ್ಲ, ನಿದ್ದೆ ಮಾಡಲು ಬಿಡಲ್ಲ, ನೆತ್ತಿ ಮೇಲಿನ ಸೂರ್ಯನನ್ನು ಚಂದ್ರ ಅನ್ನು ಅಂತಾನೆ. ಕೊನೆಗೆ ಅವಳು ಹೌದು, ಚಂದ್ರನೇ ಅಂತಾಳೆ. ಜನ ನಗುತ್ತಾರೆ.

ಎಲ್ಲರೂ ನಗಲಿಲ್ಲ ಅನ್ನೋದೂ ಇತಿಹಾಸವೇ. ಷೇಕ್ಸ್‌ಪಿಯರ್ ಬದುಕಿದ್ದಾಗಲೇ ಜಾನ್ ಫ್ಲೆಚರ್ ಅನ್ನುವ ಇನ್ನೊಬ್ಬ ನಾಟಕಕಾರ ಇದಕ್ಕೆ ಉತ್ತರವಾಗಿ ಒಂದು ನಾಟಕ ಬರೆದ. ಅದರಲ್ಲಿ ಅದೇ ಗಂಡ ಎರಡನೇ ಮದುವೆಯಾಗುತ್ತಾನೆ, ಈ ಸಲ ಪಳಗುವವನು ಅವನೇ. 1897ರಲ್ಲಿ ಬರ್ನಾರ್ಡ್ ಷಾ ಅಂತೂ ಮೂಲ ನಾಟಕದ ಕೊನೆಯ ದೃಶ್ಯ ನೋಡಿದರೆ ಅಸಹ್ಯ ಆಗುತ್ತೆ ಎಂಬ ಅರ್ಥದಲ್ಲೇ ಬರೆದ. ಅಂದರೆ ನಮ್ಮ ಚಿಕ್ಕಮ್ಮನ ಪಾರ್ಟಿಯಲ್ಲಿ ದೊಡ್ಡ ದೊಡ್ಡವರೇ ಇದ್ದಾರೆ.

ಹಾಗಂತ ಇದು ಬರೀ ಹೊರಗಿನಿಂದ ಬಂದ ಸರಕೂ ಅಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಚಂಡಿಯ ಕಥೆ ಇದೆ. ಹಳ್ಳಿಯಲ್ಲಿ ಭಾರತ ಓದಿಸಿ ಕೇಳಿದ ಹಿರಿಯರಿಗೆ ಗೊತ್ತಿರುತ್ತೆ. ಉದ್ದಾಲಕ ಋಷಿಯ ಹೆಂಡತಿ ಚಂಡಿ ಗಂಡ ಹೇಳಿದ್ದಕ್ಕೆಲ್ಲ ಉಲ್ಟಾ. ಅವನು ಬೇಕು ಅಂದರೆ ಬೇಡ, ಬೇಡ ಅಂದರೆ ಬೇಕು. ಕೊನೆಗೆ ಋಷಿ ತನಗೆ ಬೇಕಾದ್ದನ್ನೆಲ್ಲ ಬೇಡ ಬೇಡ ಅನ್ನುತ್ತಾ ಶ್ರಾದ್ಧ ಮಾಡಿಸುತ್ತಾನೆ. ಒಂದೇ ಒಂದು ಸಲ ಮೈಮರೆತು ಪಿಂಡವನ್ನು ನೀರಿಗೆ ಬಿಡು ಅಂದುಬಿಡುತ್ತಾನೆ, ಅವಳು ಕೊಂಡುಹೋಗಿ ಹೊಲಸಿಗೆ ಎಸೆಯುತ್ತಾಳೆ. ಋಷಿ ಕಲ್ಲಾಗು ಅಂತ ಶಾಪ ಕೊಡುತ್ತಾನೆ. ಎಷ್ಟೋ ಕಾಲ ಆದಮೇಲೆ ಅರ್ಜುನ ಮುಟ್ಟಿದಾಗ ಅವಳಿಗೆ ಬಿಡುಗಡೆ.

ಈ ಕಥೆ ಕೇಳುವಾಗ ನಮಗೆ ನಗು ಬರುವುದು ಯಾರನ್ನು ನೋಡಿ? ಉದ್ದಾಲಕನನ್ನು. ಹೆಂಡತಿಗೆ ಹೆದರಿ ಮಾತು ತಿರುಚುವ ದೊಡ್ಡ ಋಷಿ! ಶಾಪ ಬಂದ ಕೂಡಲೇ ನಗು ನಿಂತುಹೋಗುತ್ತೆ. ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಹಸಿದು ಕೂತ ಹೆಂಡತಿಯನ್ನೇ ನೋಡಿ ನಗಬೇಕು. ಎರಡರಲ್ಲೂ ಹೆಂಗಸಿಗೆ ಶಿಕ್ಷೆ ತಪ್ಪಲಿಲ್ಲ ಅನ್ನಿ. ಆದರೂ ಈ ವ್ಯತ್ಯಾಸ ನನಗೆ ಸಣ್ಣದು ಅನಿಸೋದಿಲ್ಲ.

ಸಿನಿಮಾದವರಿಗೂ ಈ ಕಥೆ ಹೊಸದಾಗಿರಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ಹಾಡಿದ್ದು ಎಲ್ಲರಿಗೂ ನೆನಪಿದೆ, ಅದರಲ್ಲಿ ಮಂಜುಳಾ ಸೊಕ್ಕಿನ ಹುಡುಗಿ. 1976ರ ‘ಬಹದ್ದೂರ್ ಗಂಡು’ವಿನಲ್ಲಿ ಜಯಂತಿ ಗರ್ವದ ರಾಜಕುಮಾರಿ, ಅದೂ ಷೇಕ್ಸ್‌ಪಿಯರ್‌ನ ಇದೇ ಕಥೆಯ ಎಳೆ. ‘ಬಜಾರಿ’ ಅನ್ನುವ ಪಾತ್ರಕ್ಕೆ ಮಂಜುಳಾ ಹೆಸರೇ ಅಂಟಿಕೊಂಡಿತ್ತು. ಹೀಗಾಗಿ 1989ರ ಹೊತ್ತಿಗೆ ಟಿಕೆಟ್ ತಗೊಂಡ ಯಾರಿಗೂ ಕೊನೆ ಏನು ಅಂತ ಗೊತ್ತಿಲ್ಲದೆ ಇರಲಿಲ್ಲ.

ಆದರೆ ರಾಘವೇಂದ್ರ ಗುಡುಗುವ ಗಂಡಸಲ್ಲ. ನಗುನಗುತ್ತಲೇ ಕೆಲಸ ಸಾಧಿಸುವ ಹುಡುಗ. ಅದಕ್ಕೇ ಅತ್ತೆಯರಿಗೂ ಇಷ್ಟ, ಸೊಸೆಯರಿಗೂ ಅಷ್ಟಾಗಿ ಕೋಪ ಬರಲಿಲ್ಲ. ಇನ್ನು ಮಾಲಾಶ್ರೀ ಗುಂಡು ಹಾಕಿ ತೂರಾಡುವ ಹಾಡು. ಮಂಜುಳಾ ಗುರುರಾಜ್ ದನಿ. ಕುಡಿದು ಮಾತಾಡೋದು ಗಂಡಸರ ಹಕ್ಕು ಅಂತಿದ್ದ ಊರುಗಳಲ್ಲಿ ಒಬ್ಬ ಹೆಣ್ಣುಮಗಳು ಪರದೆ ತುಂಬ ಹಾಗೆ ಹಾಡಿದಳು. ಮರ್ಯಾದೆ ಕೆಟ್ಟಿತು ಅಂದವರೂ ಆರ್ಕೆಸ್ಟ್ರಾದಲ್ಲಿ ಆ ಹಾಡು ಬಂದಾಗ ಎದ್ದು ಹೋಗಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೆಂಡತಿಗೆ ಕೊಡುವ ಕ್ರೌರ್ಯ, ಮನಸ್ಸಿಗೆ ಕೊಟ್ಟದ್ದಾದರೂ, ಅಪರಾಧ ಅಂತ 498ಎ ಕಲಂ ಬಂದದ್ದು 1983ರಲ್ಲಿ. ಸಿನಿಮಾ ಅದಾದ ಆರು ವರ್ಷಕ್ಕೆ. ಕಾನೂನು ಆಗಲೇ ಬದಲಾಗಿತ್ತು, ನಮ್ಮ ನಗು ಬದಲಾಗಿರಲಿಲ್ಲ. ‘ಪಳಗಿಸು’ ಅನ್ನೋದು ನಾವು ಹೋರಿಗೆ, ಎತ್ತಿಗೆ ಹೇಳೋ ಮಾತು. ಮದುವೆಯಾಗಿ ಬಂದ ಹುಡುಗಿಗೂ ಅದನ್ನೇ ಹೇಳಿದ್ದನ್ನು ನಾನು ನಮ್ಮೂರ ಜಗುಲಿ ಮೇಲೆ ಕೇಳಿದ್ದೇನೆ.

ಸಿನಿಮಾದ ನಂತರ ನಡೆದದ್ದೇ ಇದರಲ್ಲಿ ಮಜಾ. ಪರದೆ ಮೇಲೆ ಪಳಗಿದ ಹುಡುಗಿ ಹೊರಗೆ ಪಳಗಲಿಲ್ಲ. ಅದೇ ವರ್ಷ ‘ಗಜಪತಿ ಗರ್ವಭಂಗ’, 1990ರಲ್ಲಿ ದ್ವಿಪಾತ್ರದ ‘ರಾಣಿ ಮಹಾರಾಣಿ’. ಕೆಲವೇ ವರ್ಷದಲ್ಲಿ ಮಾಲಾಶ್ರೀ ಹೆಸರಿನ ಮೇಲೇ ಸಿನಿಮಾ ಓಡುವಂತಾಯಿತು. ಆಮೇಲೆ ಪೊಲೀಸ್ ಡ್ರೆಸ್ ಹಾಕಿ ರೌಡಿಗಳಿಗೆ ಒದೆಯುವ ಪಾತ್ರಗಳು. ನೋಡುವವರಿಗೆ ಬೇಕಿದ್ದದ್ದು ಮೊದಲ ಅರ್ಧದ ಹುಡುಗಿ ಅಂತ ಕಾಣುತ್ತೆ.

ಹೋದ ಹಬ್ಬಕ್ಕೆ ಮತ್ತೆ ಟಿವಿಯಲ್ಲಿ ಬಂತು. ಗುಂಡಿನ ಹಾಡು ಬಂದಾಗ ಚಿಕ್ಕಮ್ಮ ರಿಮೋಟ್ ಕಿತ್ತುಕೊಂಡು ಸೌಂಡ್ ಜಾಸ್ತಿ ಮಾಡಿದಳು. ಹುಡುಗಿ ತಲೆ ತಗ್ಗಿಸುವ ಹೊತ್ತಿಗೆ ‘ಒಬ್ಬಟ್ಟು ಬೇಯಿಸ್ಬೇಕು’ ಅಂತ ಒಳಗೆ ಹೋದಳು. ದೊಡ್ಡಪ್ಪ ಕೊನೆವರೆಗೂ ಒಬ್ಬರೇ ನೋಡಿದರು.