ಬೆಂಗಳೂರು ಮ್ಯಾರಥಾನ್: ಶುರುವಾಗಿದ್ದು ಯಾವಾಗ, ಓಡಬೇಕಾದ ದೂರ ಎಷ್ಟು?

ಚಿಕ್ಕಬಳ್ಳಾಪುರ: ನಮ್ಮ ಕಡೆ 5 ಕಿ.ಮೀ. ಓಟ ಇಟ್ಟರೂ ಫ್ಲೆಕ್ಸ್‌ನಲ್ಲಿ 'ಮ್ಯಾರಥಾನ್' ಅಂತಲೇ ಹಾಕ್ತಾರೆ. ಅದೇ ಲೆಕ್ಕದಲ್ಲಿ ಬೆಂಗಳೂರಿನ ಓಟಕ್ಕೆ ಹೆಸರು ಕೊಟ್ಟರೆ ಕಷ್ಟ. ಮ್ಯಾರಥಾನ್ ಅಂದರೆ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವೇ 1921ರಲ್ಲಿ ಅಧಿಕೃತವಾಯಿತು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಓಡಿ ಬಂದು, ವಾಪಸ್ ಓಡಿದರೂ ಇಷ್ಟು ದೂರ ಆಗಲ್ಲ.

ಯಾವ ಓಟ ಯಾವಾಗ?

ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದ 2007ರಲ್ಲೇ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಮಿಡ್‌ನೈಟ್ ಮ್ಯಾರಥಾನ್ ಶುರುವಾಯಿತು. ಹೆಸರೇ ಹೇಳುವಂತೆ ಇದು ರಾತ್ರಿ ಓಟ.

2008ರ ಮೇ ತಿಂಗಳಲ್ಲಿ ವರ್ಲ್ಡ್ 10ಕೆ ಬಂತು. ಮೊದಲ ವರ್ಷ ಪುರುಷರಲ್ಲಿ ಎರಿಟ್ರಿಯಾದ ಜೆರ್ಸೆನಾಯ್ ಟಡೆಸೆ, ಮಹಿಳೆಯರಲ್ಲಿ ಕೀನ್ಯಾದ ಗ್ರೇಸ್ ಮೊಮಾನ್ಯಿ ಗೆದ್ದರು. ಆಗ ಸನ್‌ಫೀಸ್ಟ್ ಹೆಸರಿನಲ್ಲಿದ್ದ ಓಟ ಆಮೇಲೆ ಟಿಸಿಎಸ್ ವರ್ಲ್ಡ್ 10ಕೆ ಆಯಿತು. ಟಿವಿಯಲ್ಲಿ ನೋಡಿ ಜನ 'ಬೆಂಗಳೂರು ಮ್ಯಾರಥಾನ್' ಅನ್ನೋದು ಹೆಚ್ಚಾಗಿ ಇದನ್ನೇ. ಆದರೆ ಇದು 10 ಕಿ.ಮೀ. ಮಾತ್ರ.

ಬೆಂಗಳೂರು ಮ್ಯಾರಥಾನ್ ಅನ್ನೋ ಹೆಸರಿನ ಓಟವೇ ಬೇರೆ. ಅದು ಶುರುವಾಗಿದ್ದು 2014ರಲ್ಲಿ. ಅದರಲ್ಲಿ ಪೂರ್ತಿ 42 ಕಿ.ಮೀ. ಜೊತೆಗೆ 21 ಕಿ.ಮೀ. ಹಾಫ್ ಮ್ಯಾರಥಾನ್ ಕೂಡ ಇರುತ್ತೆ.

ನಮ್ಮ ಹುಡುಗರ ಲೆಕ್ಕ

ಗೌರಿಬಿದನೂರು, ಚಿಂತಾಮಣಿ ಕಡೆ ಬೆಳಗ್ಗೆ ಎದ್ದು ಓಡೋ ಹುಡುಗರಲ್ಲಿ ಎಷ್ಟೋ ಜನರ ಗುರಿ ಪೊಲೀಸ್ ಕಾನ್‌ಸ್ಟೇಬಲ್ ಕೆಲಸ. ಅದಕ್ಕೆ 1600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡ್‌ನಲ್ಲಿ ಓಡಬೇಕು. 2022ರ ವರ್ಲ್ಡ್ 10ಕೆ ಗೆದ್ದ ಕೀನ್ಯಾದ ನಿಕೋಲಸ್ ಕಿಮೇಲಿ 10 ಕಿ.ಮೀ. ಮುಗಿಸಿದ್ದು 27 ನಿಮಿಷ 38 ಸೆಕೆಂಡ್‌ನಲ್ಲಿ. ಆ ವೇಗದಲ್ಲಿ 1600 ಮೀಟರ್‌ಗೆ ಬೀಳೋದು ಬರೀ 4 ನಿಮಿಷ 25 ಸೆಕೆಂಡ್. ಅದೂ ಆರು ಸಲ ಬಿಡದೆ ಓಡಿದ ಹಾಗೆ!

ಹಾಗಂತ ಹೆದರಬೇಕಿಲ್ಲ. ಇಂಥ ಓಟಗಳಲ್ಲಿ ಸಾವಿರಾರು ಸಾಮಾನ್ಯ ಜನ ಬರೋದು ಮುಗಿಸೋಕೆ, ಗೆಲ್ಲೋಕಲ್ಲ. ಆದರೆ 1600 ಮೀಟರ್ ಪ್ರಾಕ್ಟೀಸ್ ನಂಬಿಕೊಂಡು ನೇರವಾಗಿ 42 ಕಿ.ಮೀ.ಗೆ ಇಳಿದರೆ ಮಂಡಿ ಕೈಕೊಡುತ್ತೆ. ಮೊದಲು 10, ಆಮೇಲೆ 21, ಕೊನೆಗೆ 42.

ದುಡ್ಡು ಕಟ್ಟೋ ಮುಂಚೆ

ಹೆಸರು ನೋಡಬೇಡಿ, ದೂರ ನೋಡಿ. ಎದೆಗೆ ಹಾಕೋ ನಂಬರ್ ಸಾಮಾನ್ಯವಾಗಿ ಓಟದ ದಿನ ಕೊಡಲ್ಲ, ಮುಂಚೆಯೇ ಹೋಗಿ ತಗೋಬೇಕು. ಓಟವೂ ಬೆಳಗಿನ ಜಾವವೇ ಶುರುವಾಗುತ್ತೆ. ಇಲ್ಲಿಂದ ಮೊದಲ ಬಸ್ ನಂಬಿಕೊಂಡು ಹೋಗೋದು ಕಷ್ಟ, ಹಿಂದಿನ ರಾತ್ರಿಯೇ ಉಳಿಯೋ ಜಾಗ ನೋಡಿಕೊಳ್ಳಿ. ಅಂಗಡಿ ಬಾಗಿಲು ಹಾಕಿ ಹೋಗೋರು ಎರಡು ದಿನದ ವ್ಯಾಪಾರವನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.