ನಿತ್ಯಪುಷ್ಪ ಕ್ಯಾನ್ಸರ್ ಔಷಧಿಯಾದ ಬಗೆ

ಮನೆಯಂಗಳದಲ್ಲಿ, ಶಾಲೆಯ ಕೈತೋಟದಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪವನ್ನು ನೋಡದವರು ಕಡಿಮೆ. ಇದಕ್ಕೆ ಕಾಶಿ ಕಣಗಿಲೆ ಎಂಬ ಹೆಸರೂ ಇದೆ. ಸಸ್ಯಶಾಸ್ತ್ರದಲ್ಲಿ ಇದು ಕ್ಯಾತರಾಂತಸ್ ರೋಸಿಯಸ್. ಹಿಂದೆ ಇದನ್ನು ವಿಂಕಾ ರೋಸಿಯಾ ಎನ್ನುತ್ತಿದ್ದರು. ಮಡಗಾಸ್ಕರ್ ದ್ವೀಪ ಇದರ ತವರು. ಈ ಗಿಡದಿಂದ ದೊರೆತ ಎರಡು ಔಷಧಿಗಳು ಇಂದಿಗೂ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಹಾಗಾದರೆ ಗಿಡಮೂಲಿಕೆಗಳಿಂದ ಕ್ಯಾನ್ಸರ್ ಗುಣವಾಗುತ್ತದೆಯೆ? ಉತ್ತರ ಹೇಳುವ ಮೊದಲು ಈ ಗಿಡದ ಚರಿತ್ರೆಯನ್ನು ತಿಳಿಯಬೇಕು.

ಸಕ್ಕರೆ ಕಾಯಿಲೆಗೆಂದು ಬಂದ ಎಲೆಗಳು

1952ರಲ್ಲಿ ಕೆನಡಾದ ಟೊರಾಂಟೊದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಅದರಲ್ಲಿದ್ದುದು ನಿತ್ಯಪುಷ್ಪದ 25 ಎಲೆಗಳು. ಇನ್ಸುಲಿನ್ ಸಿಗದಿದ್ದಾಗ ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಈ ಎಲೆಯ ಕಷಾಯ ಕುಡಿಯುತ್ತಾರೆ ಎಂಬ ಮಾಹಿತಿಯೂ ಜೊತೆಗಿತ್ತು. ಕ್ಲಾರ್ಕ್ ಇನ್ಸುಲಿನ್‌ನ ಆರಂಭದ ಸಂಶೋಧನೆಯಲ್ಲಿ ಪಾಲ್ಗೊಂಡಿದ್ದವರು. ಅವರು ಎಲೆಗಳನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ಕಳುಹಿಸಿದರು.

ರಾಬರ್ಟ್ ಎಲೆಯ ಸಾರವನ್ನು ಬಾಯಿಯ ಮೂಲಕ ಪ್ರಾಣಿಗಳಿಗೆ ಕೊಟ್ಟು ನೋಡಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ನಂತರ ಅದೇ ಸಾರವನ್ನು ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ಆಗಲೂ ಸಕ್ಕರೆ ಇಳಿಯಲಿಲ್ಲ. ಆದರೆ ಒಂದು ವಾರದೊಳಗೆ ಇಲಿಗಳು ಬ್ಯಾಕ್ಟೀರಿಯ ಸೋಂಕಿನಿಂದ ಸತ್ತವು. ಪರೀಕ್ಷಿಸಿದಾಗ ಅವುಗಳ ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ಬಹಳ ಕುಸಿದಿತ್ತು. ಆ ಕಣಗಳು ಹುಟ್ಟುವ ಅಸ್ಥಿಮಜ್ಜೆಯೂ ಸೊರಗಿತ್ತು.

ಪ್ರಯೋಗ ವಿಫಲವಾಯಿತೆಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನೋಬಲ್ ಬೇರೆ ರೀತಿ ಯೋಚಿಸಿದರು. ರಕ್ತದ ಕ್ಯಾನ್ಸರಿನಲ್ಲಿ (ಲ್ಯುಕೇಮಿಯ) ಬಿಳಿ ಕಣಗಳು ಮಿತಿಮೀರಿ ಹೆಚ್ಚುತ್ತವೆ. ಅವನ್ನು ಇಳಿಸುವ ವಸ್ತು ಅಲ್ಲಿ ಉಪಯೋಗಕ್ಕೆ ಬರಬಾರದೇಕೆ? 1954ರಲ್ಲಿ ರಸಾಯನ ವಿಜ್ಞಾನಿ ಚಾರ್ಲ್ಸ್ ಬಿಯರ್ ಅವರ ಜೊತೆಗೂಡಿದರು. 1958ರ ವೇಳೆಗೆ ಅವರು ಆ ವಸ್ತುವನ್ನು ಶುದ್ಧ ಸ್ಫಟಿಕ ರೂಪದಲ್ಲಿ ಬೇರ್ಪಡಿಸಿದ್ದರು. ಅದೇ ವಿನ್‌ಬ್ಲಾಸ್ಟಿನ್ ಎಂಬ ಆಲ್ಕಲಾಯ್ಡ್.

ಇದೇ ಸಮಯದಲ್ಲಿ ಅಮೆರಿಕದ ಎಲಿ ಲಿಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡ ಮತ್ತು ಸಂಗಡಿಗರು ಅದೇ ಗಿಡವನ್ನು ಪರೀಕ್ಷಿಸುತ್ತಿದ್ದರು. ಅದರ ಸಾರ ಕೊಟ್ಟಾಗ ಲ್ಯುಕೇಮಿಯ ಇದ್ದ ಚಿಟ್ಟಿಲಿಗಳು ಹೆಚ್ಚು ಕಾಲ ಬದುಕಿದವು. ಅವರು ಬೇರ್ಪಡಿಸಿದ ಇನ್ನೊಂದು ಆಲ್ಕಲಾಯ್ಡ್ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಮಾನ್ಯತೆ ದೊರೆಯಿತು.

ಕೋಶವಿಭಜನೆಗೆ ತಡೆ

ಕೋಶ ವಿಭಜನೆಯಾಗುವಾಗ ವರ್ಣತಂತುಗಳನ್ನು ಎರಡೂ ಕಡೆಗೆ ಎಳೆಯುವ ಕದಿರು ರೂಪುಗೊಳ್ಳುತ್ತದೆ ಎಂದು ಜೀವವಿಜ್ಞಾನದ ವಿದ್ಯಾರ್ಥಿಗಳು ಓದಿರುತ್ತಾರೆ. ಈ ಕದಿರಿನ ಎಳೆಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಆದ ಸೂಕ್ಷ್ಮನಾಳಿಕೆಗಳು. ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ನಾಳಿಕೆ ಕಟ್ಟಿಕೊಳ್ಳದಂತೆ ಮಾಡುತ್ತವೆ. ವಿಭಜನೆ ನಡುವೆಯೇ ನಿಂತು ಕೋಶ ಸಾಯುತ್ತದೆ. ವೇಗವಾಗಿ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳಿಗೆ ಇದರ ಪೆಟ್ಟು ಹೆಚ್ಚು.

ಈ ಎರಡು ಅಣುಗಳಲ್ಲಿ ಇರುವ ವ್ಯತ್ಯಾಸ ಒಂದೇ. ಒಂದು ನೈಟ್ರೋಜನ್ ಪರಮಾಣುವಿನ ಮೇಲೆ ವಿನ್‌ಬ್ಲಾಸ್ಟಿನ್‌ನಲ್ಲಿ ಮೀಥೈಲ್ ಗುಂಪು ಇದ್ದರೆ, ವಿನ್‌ಕ್ರಿಸ್ಟಿನ್‌ನಲ್ಲಿ ಫಾರ್ಮೈಲ್ ಗುಂಪು ಇದೆ. ಇಷ್ಟರಿಂದಲೇ ಗುಣ ಬದಲಾಗುತ್ತದೆ. ಮೊದಲನೆಯದು ಮುಖ್ಯವಾಗಿ ಅಸ್ಥಿಮಜ್ಜೆಗೆ, ಎರಡನೆಯದು ನರಗಳಿಗೆ ಹಾನಿ ಮಾಡುತ್ತದೆ. ಆದ್ದರಿಂದ ಪ್ರಮಾಣವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೇ ಕೊಡಬೇಕು.

1960ರ ದಶಕದಲ್ಲಿ ವಿನ್‌ಕ್ರಿಸ್ಟಿನ್ ಅನ್ನು ಬೇರೆ ಔಷಧಿಗಳೊಡನೆ ಸೇರಿಸಿ ಮಕ್ಕಳ ಲ್ಯುಕೇಮಿಯಕ್ಕೆ ಕೊಡತೊಡಗಿದರು. ಆವರೆಗೆ ಈ ರೋಗ ಬಂದ ಮಕ್ಕಳು ಬದುಕುಳಿಯುವುದೇ ಅಪರೂಪವಾಗಿತ್ತು. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವ ಕಡೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಗುಣ ಹೊಂದುತ್ತಾರೆ. ಇದು ಒಂದೇ ಔಷಧಿಯ ಸಾಧನೆಯಲ್ಲ, ಹಲವು ಔಷಧಿಗಳ ಸಂಯುಕ್ತ ಚಿಕಿತ್ಸೆಯ ಫಲ.

ಇನ್ನೆರಡು ಮರಗಳು

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ ಸುಮಾರು ಎರಡು ದಶಕಗಳಲ್ಲಿ 35,000ದಷ್ಟು ಸಸ್ಯಗಳನ್ನು ಪರೀಕ್ಷಿಸಿತು. ಔಷಧಿಯ ಮಟ್ಟ ತಲುಪಿದವು ಕೆಲವೇ. 1962ರಲ್ಲಿ ಸಂಗ್ರಹಿಸಿದ ಪೆಸಿಫಿಕ್ ಯೂ ಮರದ ತೊಗಟೆಯಿಂದ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್‌ಸುಖ್ ವಾಣಿ ಟ್ಯಾಕ್ಸಾಲ್ ಅನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅಂಡಾಶಯದ ಕ್ಯಾನ್ಸರಿಗೆ ಅದು ಮಾನ್ಯತೆ ಪಡೆದದ್ದು 1992ರಲ್ಲಿ, ಅಂದರೆ ತೊಗಟೆ ಸಂಗ್ರಹಿಸಿದ 30 ವರ್ಷಗಳ ನಂತರ.

ವಾಲ್ ಮತ್ತು ವಾಣಿ 1966ರಲ್ಲಿ ಚೀನಾದ ಮರವೊಂದರಲ್ಲಿ ಕ್ಯಾಂಪ್ಟೋತೆಸಿನ್ ಅನ್ನು ಕಂಡುಹಿಡಿದಿದ್ದರು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಅದು ಇದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಆದರೆ ರೋಗಿಗಳಿಗೆ ಕೊಟ್ಟಾಗ ಮೂಲ ವಸ್ತು ತೀವ್ರ ವಿಷವೆಂದು ಕಂಡುಬಂತು. ಅಣುವನ್ನು ಮಾರ್ಪಡಿಸಿದ ಮೇಲೆಯೇ, 1990ರ ದಶಕದಲ್ಲಿ, ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಬಳಕೆಗೆ ಬಂದವು. ಇತ್ತ, ಬೇಡಿಕೆಯಿಂದಾಗಿ ಮಿತಿಮೀರಿ ಕಡಿದು ಘಟ್ಟದ ಮರಕ್ಕೇ ಆಪತ್ತು ಬಂತು.

ಕಷಾಯ ಕುಡಿದರೆ ಸಾಲದೆ?

ಸಾಲದು. 1 ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕು. ಎಲೆಯಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡುಗಳಿವೆ. ಕಷಾಯದಲ್ಲಿ ಯಾವುದು ಎಷ್ಟಿದೆ ಎಂದು ಕುಡಿಯುವವರಿಗೆ ತಿಳಿಯದು. ಎಲೆಯ ಸಾರವನ್ನು ಬಾಯಿಯ ಮೂಲಕ ಕೊಟ್ಟ ನೋಬಲ್ ಅವರಿಗೆ ಔಷಧಿಯ ಸುಳಿವೇ ಸಿಗಲಿಲ್ಲ ಎಂಬುದನ್ನೂ ನೆನೆಯಬೇಕು.

ಸಸ್ಯದಿಂದ ಬಂದದ್ದೆಲ್ಲ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಏಪ್ರಿಕಾಟ್ ಬೀಜದ ಲೇಟ್ರಿಲ್ ಕ್ಯಾನ್ಸರಿಗೆ ರಾಮಬಾಣವೆಂದು ಅಮೆರಿಕದಲ್ಲಿ ಪ್ರಚಾರ ಪಡೆದಿತ್ತು. 1982ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 178 ರೋಗಿಗಳಿಗೆ ಅದನ್ನು ಕೊಟ್ಟಾಗ ರೋಗ ಇಳಿಯಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಏರಿತ್ತು. ಅಮೆರಿಕದಲ್ಲೇ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು.

ಜಮೈಕಾದ ಜನರ ತಿಳಿವಳಿಕೆ ನಿರರ್ಥಕವಾಗಲಿಲ್ಲ. ಅದು ವಿಜ್ಞಾನಿಗಳ ಕಣ್ಣನ್ನು ಒಂದು ಗಿಡದತ್ತ ತಿರುಗಿಸಿತು. ಆದರೆ ಆ ಎಲೆ ಯಾವ ರೋಗಕ್ಕೆ, ಎಷ್ಟು, ಹೇಗೆ ಎಂಬುದನ್ನು ತಿಳಿಸಿದ್ದು ಪ್ರಯೋಗ. ಕ್ಯಾನ್ಸರಿಗೆ ಮೂಲಿಕೆ ಇದೆ ಎಂದು ಯಾರಾದರೂ ಹೇಳಿದಾಗ ಈ ಮೂರು ಪ್ರಶ್ನೆಗಳನ್ನು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕು. ಉತ್ತರ ಸಿಗುವವರೆಗೆ, ನಡೆಯುತ್ತಿರುವ ಚಿಕಿತ್ಸೆಯನ್ನು ರೋಗಿ ನಿಲ್ಲಿಸಬಾರದು.