ಥಾರ್ ಮರುಭೂಮಿ: ಸಫಾರಿ ಹೇಳದ ಚರಿತ್ರೆ

‘ಸಫಾರಿ’ ಎಂಬುದು ಇಂಗ್ಲಿಷ್ ಪದವೆಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಇಂಗ್ಲಿಷಿಗೆ ಅದು ಬಂದದ್ದು ಪೂರ್ವ ಆಫ್ರಿಕಾದ ಸ್ವಾಹಿಲಿಯಿಂದ, ಸ್ವಾಹಿಲಿಗೆ ಬಂದದ್ದು ಅರಬಿಯಿಂದ. ಅರಬಿಯಲ್ಲಿ ‘ಸಫರ್’ ಎಂದರೆ ಪ್ರಯಾಣ. ನಮ್ಮ ಊರುಗಳ ಹಳೆಯ ಮುಸಾಫಿರಖಾನೆಗಳ ‘ಮುಸಾಫಿರ’ನೂ ಅದೇ ಬೇರಿನಿಂದ ಹುಟ್ಟಿದವನು. ಒಂದು ಕಾಲಕ್ಕೆ ತಿಂಗಳುಗಟ್ಟಲೆಯ ನಡಿಗೆ, ಬಾಯಾರಿಕೆ, ದರೋಡೆಯ ಭಯ ಎಲ್ಲವನ್ನೂ ಹೊತ್ತಿದ್ದ ಈ ಪದ ಇಂದು ಮಧ್ಯಾಹ್ನ ಮೂರಕ್ಕೆ ಜೀಪು ಹತ್ತಿ ರಾತ್ರಿ ಹತ್ತಕ್ಕೆ ಹೋಟೆಲಿಗೆ ಮರಳುವಷ್ಟು ಕುಗ್ಗಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಏಳು ಗಂಟೆಗಳಲ್ಲಿ ಪ್ರವಾಸಿಗೆ ಏನನ್ನು ತೋರಿಸಲಾಗುತ್ತದೆ, ಯಾವುದನ್ನು ಹೇಳದೆ ಬಿಡಲಾಗುತ್ತದೆ ಎಂಬುದು ಯೋಚಿಸಬೇಕಾದ ವಿಷಯ.

ರಾಜಸ್ಥಾನದ ಜೈಸಲ್ಮೇರಿಗೆ ಹೋದ ಕರ್ನಾಟಕದ ನಾವು ಆರು ಮಂದಿ ಅಂಥದ್ದೇ ಒಂದು ಸಫಾರಿಗೆ ಹಣ ಕೊಟ್ಟು ಹೊರಟವರು. ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ ಸಮ್ ಎಂಬ ಹಳ್ಳಿ. ಅದರ ಪಕ್ಕದಲ್ಲೇ ಹೆಸರಾಂತ ಮರಳುದಿಣ್ಣೆಗಳು. ದಾರಿಯಲ್ಲಿ ಕುಲಧರಾ ಎಂಬ ಪಾಳು ಊರಿನ ದರ್ಶನ, ನಂತರ ಅರ್ಧ ಗಂಟೆ ಒಂಟೆ ಸವಾರಿ, ಸೂರ್ಯಾಸ್ತ, ಡೇರೆಯಲ್ಲಿ ದಾಲ್ ಬಾಟಿಯ ಊಟ, ಹಾಡು, ಕುಣಿತ. ‘ಇಲ್ಲಿ ಏನೂ ಇಲ್ಲ ಸಾಬ್, ಬರೀ ಮರಳು’ ಎಂದು ಮಾರ್ಗದರ್ಶಿ ಹೆಮ್ಮೆಯಿಂದಲೇ ಹೇಳಿದ. ಬರೀ ಮರಳನ್ನು ನೋಡಲೆಂದೇ ಜನ ಬರುತ್ತಾರೆ ಎಂಬುದು ಅವನಿಗೆ ಗೊತ್ತು.

ವಾಸ್ತವ ಬೇರೆ. ಥಾರ್ ಜಗತ್ತಿನ ಜನನಿಬಿಡ ಮರುಭೂಮಿಗಳಲ್ಲಿ ಒಂದು. ಅದರ ಅತ್ಯಂತ ಒಣ ಭಾಗವಾದ ಜೈಸಲ್ಮೇರ್ ಜಿಲ್ಲೆ ವಿಸ್ತಾರದಲ್ಲಿ ಕರ್ನಾಟಕದ ಐದನೇ ಒಂದು ಭಾಗದಷ್ಟಿದೆ. ವರ್ಷಕ್ಕೆ ಇನ್ನೂರು ಮಿಲಿಮೀಟರ್ ಮಳೆಯೂ ಅಲ್ಲಿ ಬೀಳುವುದು ಕಷ್ಟ. ಅಲ್ಲಿಯೂ 2011ರ ಜನಗಣತಿಯ ಹೊತ್ತಿಗೆ ಸುಮಾರು 6.7 ಲಕ್ಷ ಜನ ಬಾಳುತ್ತಿದ್ದರು. ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುವ ದಿಣ್ಣೆಗಳು ಆ ನಾಡಿನ ಒಂದು ಚೂರು ಮಾತ್ರ. ಉಳಿದದ್ದು ಕಲ್ಲುನೆಲ, ಕುರುಚಲು ಪೊದೆ, ಹುಲ್ಲುಗಾವಲು, ಅಲ್ಲಲ್ಲಿ ಹೊಲ. ಇವೆಲ್ಲದರ ನಡುವೆ ಶತಮಾನಗಳ ಕಾಲ ಒಂದು ಹೆದ್ದಾರಿ ಹಾದುಹೋಗುತ್ತಿತ್ತು.

ಭಾಟಿ ರಜಪೂತ ಅರಸ ರಾವಲ್ ಜೈಸಲ್ 1156ರಲ್ಲಿ ಹಳದಿ ಕಲ್ಲಿನ ಕೋಟೆ ಕಟ್ಟಿಸಿದ ಎಂದು ಪರಂಪರೆ ಹೇಳುತ್ತದೆ. ನೀರಿಲ್ಲದ, ಬೆಳೆಯಿಲ್ಲದ ಕಡೆ ರಾಜಧಾನಿ ಏಕೆ? ಉತ್ತರ ಒಂಟೆಯ ಹೆಜ್ಜೆಗಳಲ್ಲಿದೆ. ಸಿಂಧ್‌ನಿಂದ ಗುಜರಾತಿಗೆ, ಮಾರ್ವಾಡಕ್ಕೆ, ದಿಲ್ಲಿಗೆ ಹೋಗುವ ಸರಕು ಈ ದಾರಿಯಲ್ಲೇ ಸಾಗಬೇಕಿತ್ತು. ಕಾರವಾನುಗಳಿಗೆ ನೀರು, ನೆರಳು, ಕಾವಲು ಕೊಟ್ಟು ಸುಂಕ ಪಡೆಯುವುದೇ ಆ ರಾಜ್ಯದ ಮುಖ್ಯ ಆದಾಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಾಳವದ ಅಫೀಮು ಸಹ ಒಂಟೆಗಳ ಬೆನ್ನೇರಿ ಪಾಲಿ, ಜೈಸಲ್ಮೇರ್ ದಾಟಿ ಕರಾಚಿ ಸೇರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಚೀನಾಕ್ಕೆ. ಇಂದು ಪ್ರವಾಸಿಗಳು ಕತ್ತೆತ್ತಿ ನೋಡುವ ಪಟವಾ ವರ್ತಕರ ಹವೇಲಿಗಳು ಎದ್ದದ್ದು ಆ ವ್ಯಾಪಾರದ ಕಾಲದಲ್ಲೇ. 1843ರಲ್ಲಿ ಕಂಪನಿ ಸರ್ಕಾರ ಸಿಂಧ್ ಪ್ರಾಂತವನ್ನು ವಶಪಡಿಸಿಕೊಂಡಾಗ ಅಫೀಮಿನ ಈ ದಾರಿ ಮುಚ್ಚಿತು, ಸರಕು ಮುಂಬಯಿಯತ್ತ ತಿರುಗಿತು. ಬಂದರಿನೊಡನೆ ಬೆಳೆದ ರೈಲು ಜೈಸಲ್ಮೇರನ್ನು ಬಿಟ್ಟು ಬೇರೆ ಕಡೆ ಓಡಿತು. ಸ್ವಾತಂತ್ರ್ಯ ಬಂದು ಸುಮಾರು ಎರಡು ದಶಕ ಕಳೆದ ಮೇಲಷ್ಟೇ ಈ ಪಟ್ಟಣ ರೈಲನ್ನು ಕಂಡದ್ದು.

ಈ ಮರಳಿನಲ್ಲಿ ನಡೆದ ಒಂದು ಪ್ರಯಾಣವಂತೂ ಹಿಂದೂಸ್ತಾನದ ಚರಿತ್ರೆಯನ್ನೇ ತಿರುಗಿಸಿತು. 1540ರಲ್ಲಿ ಶೇರ್ ಶಾಹನಿಗೆ ಸೋತು ರಾಜ್ಯ ಕಳೆದುಕೊಂಡ ಹುಮಾಯೂನ್ ಸಿಂಧ್‌ನಲ್ಲಿ ಅಲೆದು, 1542ರಲ್ಲಿ ಮಾರ್ವಾಡದ ರಾವ್ ಮಾಲದೇವನ ನೆರವು ಬೇಡಿ ಹೊರಟ. ಅಲ್ಲಿ ತನ್ನನ್ನು ಹಿಡಿದುಕೊಡುವ ಸಂಚಿದೆಯೆಂದು ತಿಳಿದು ಹಿಂದಿರುಗಿದ. ಬಿರುಬಿಸಿಲು, ಜೊತೆಯಲ್ಲಿ ಗರ್ಭಿಣಿ ಹಮೀದಾ ಬಾನು. ಜೈಸಲ್ಮೇರಿನ ಅರಸ ದಾರಿ ಬಿಡಲಿಲ್ಲ. ತನ್ನ ನಾಡಿನಲ್ಲಿ ದನ ಕೊಂದರೆಂಬ ದೂರು ಅವನದು. ದಾರಿಯ ಬಾವಿಗಳಿಗೆ ಮರಳು ತುಂಬಿಸಲಾಯಿತೆಂದು ಹುಮಾಯೂನನ ನೀರಿನ ಹೂಜಿ ಹೊರುತ್ತಿದ್ದ ಸೇವಕ ಜೌಹರ್ ಬರೆದಿಟ್ಟಿದ್ದಾನೆ. ಉಳಿದ ಬಾವಿಗಳೋ ಪಾತಾಳದಷ್ಟು ಆಳ. ತೊಗಲಿನ ಬಾನಿ ಮೇಲೆ ಬಂದಿತೆಂದು ದೂರದಲ್ಲಿ ಎತ್ತು ಹೊಡೆಯುವವನಿಗೆ ತಿಳಿಸಲು ನಗಾರಿ ಬಾರಿಸಬೇಕಿತ್ತಂತೆ. ನೀರಿಗಾಗಿ ನೂಕಾಡಿ ಜನ ಬಾವಿಗೆ ಬಿದ್ದರು. ಕುದುರೆ ಕೇಳಿದರೆ ಕೊಡಲೊಲ್ಲದ ಸರದಾರನೂ ಇದ್ದ. ಕೊನೆಗೆ ಬಾದಶಾಹನೇ ಒಂಟೆಯೇರಿದಾಗ, ನದೀಮ್ ಕೋಕಾ ಎಂಬವನು ತನ್ನ ತಾಯಿಯನ್ನು ಕುದುರೆಯಿಂದಿಳಿಸಿ ಆ ಕುದುರೆಯನ್ನು ಅವನಿಗೊಪ್ಪಿಸಿದ.

ಆ ಪ್ರಯಾಣ ಮುಗಿದದ್ದು ಅಮರಕೋಟೆಯಲ್ಲಿ. ಅಲ್ಲಿನ ಸೋಢಾ ರಜಪೂತ ರಾಣಾ ಪ್ರಸಾದ್ ತನ್ನ ಕೋಟೆಯ ಬಾಗಿಲು ತೆರೆದ. 1542ರ ಅಕ್ಟೋಬರ್ 15ರಂದು ಅಲ್ಲಿಯೇ ಅಕ್ಬರ್ ಹುಟ್ಟಿದ. ಸುದ್ದಿ ತಂದವರಿಗೆ ಉಡುಗೊರೆ ಕೊಡಲು ಹುಮಾಯೂನನ ಬಳಿ ಏನೂ ಉಳಿದಿರಲಿಲ್ಲ; ಒಂದು ಕಸ್ತೂರಿ ಗಂಟನ್ನು ಒಡೆದು ಸಂಗಡಿಗರಿಗೆ ಚೂರು ಚೂರು ಹಂಚಿದ. ಇದನ್ನು ಹಿಂದೂ ಮುಸ್ಲಿಂ ವೈರದ ಕಥೆಯಾಗಿ ಹೇಳಹೊರಟವರಿಗೆ ನಿರಾಶೆಯೇ ಗತಿ. ಅವನನ್ನು ಓಡಿಸಿದ ಶೇರ್ ಶಾಹ್ ಮುಸಲ್ಮಾನ, ಬೆನ್ನಿಗೆ ಇರಿದ ತಮ್ಮಂದಿರು ಮುಸಲ್ಮಾನರು. ನೀರು ನಿಲ್ಲಿಸಿದವನೂ ರಜಪೂತ, ಆಸರೆ ಕೊಟ್ಟವನೂ ರಜಪೂತ.

ಸಫಾರಿಯ ಜೀಪುಗಳು ನಿಲ್ಲುವ ಕುಲಧರಾದಲ್ಲಿ ನಮಗೆ ಇನ್ನೊಂದು ಕಥೆ ಕೇಳಿಸಿತು. ಪಾಲಿವಾಲ ಬ್ರಾಹ್ಮಣರ ಊರದು. ಜೈಸಲ್ಮೇರಿನ ದಿವಾನ ಸಲೀಂ ಸಿಂಗ್ ಊರ ಮುಖಂಡನ ಮಗಳ ಮೇಲೆ ಕಣ್ಣು ಹಾಕಿದ; ಮಾನ ಉಳಿಸಿಕೊಳ್ಳಲು ಎಂಬತ್ತನಾಲ್ಕು ಹಳ್ಳಿಗಳ ಜನ ಒಂದೇ ರಾತ್ರಿಯಲ್ಲಿ ಊರು ಬಿಟ್ಟರು; ಇಲ್ಲಿ ಇನ್ನಾರೂ ನೆಲೆಸದಿರಲಿ ಎಂದು ಶಾಪ ಹಾಕಿದರು. ಸಲೀಂ ಎಂಬ ಹೆಸರು ಕಿವಿಗೆ ಬಿದ್ದೊಡನೆ ಜೀಪಿನಲ್ಲಿದ್ದ ಬೇರೆ ಊರಿನ ಕೆಲವರು ಪರಸ್ಪರ ಮುಖ ನೋಡಿಕೊಂಡು ‘ಗೊತ್ತಲ್ಲ’ ಎಂಬಂತೆ ತಲೆಯಾಡಿಸಿದರು. ಮಾರ್ಗದರ್ಶಿ ತಿದ್ದಲಿಲ್ಲ. ಸಲೀಂ ಸಿಂಗ್ ಮುಸಲ್ಮಾನನಾಗಿರಲಿಲ್ಲ; ಮೆಹತಾ ಮನೆತನದವನು. ಹೆಸರುಗಳು ಧರ್ಮದ ಗಡಿಯನ್ನು ಅಷ್ಟಾಗಿ ಲೆಕ್ಕಿಸದ ಕಾಲವದು. ಒಂದು ಹೆಸರನ್ನು ವಿವರಿಸದೆ ಬಿಟ್ಟರೆ ಎಷ್ಟು ಅನರ್ಥವಾದೀತು ನೋಡಿ!

ಕಥೆ ರಸವತ್ತಾಗಿದೆ. ಚರಿತ್ರೆ ಅದಕ್ಕಿಂತ ಕಠೋರ. 1818ರಲ್ಲಿ ಜೈಸಲ್ಮೇರ್ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಹೊರಗಿನ ಶತ್ರುವಿನ ಭಯ ಹೋಯಿತು. ದಿವಾನನಿಗೆ ಒಳಗಿನ ಪ್ರಜೆಗಳ ಭಯವೂ ಹೋಯಿತು. ಅವನ ಸುಲಿಗೆ ತಾಳಲಾರದೆ ಪಾಲಿವಾಲರು ನಾಡು ಬಿಡುತ್ತಿರುವುದನ್ನು ಕರ್ನಲ್ ಜೇಮ್ಸ್ ಟಾಡ್ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ನೀರು ಬತ್ತಿದ್ದೂ ಒಂದು ಕಾರಣವೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಒಂದೇ ರಾತ್ರಿಯಲ್ಲಿ ಆದದ್ದಕ್ಕಿಂತ ಮೆಲ್ಲಮೆಲ್ಲಗೆ ಖಾಲಿಯಾದದ್ದೇ ಹೆಚ್ಚು ಸಂಭವನೀಯ.

ಪಾಲಿವಾಲರು ಬಿಟ್ಟುಹೋದದ್ದು ಶಾಪವನ್ನಲ್ಲ, ಒಂದು ವಿದ್ಯೆಯನ್ನು. ಅದರ ಹೆಸರು ‘ಖಡೀನ್’. ಕಲ್ಲುದಿಬ್ಬಗಳ ಮೇಲೆ ಬಿದ್ದ ಅಲ್ಪ ಮಳೆ ಹರಿದುಬರುವ ತಗ್ಗಿಗೆ ಅಡ್ಡಲಾಗಿ ಉದ್ದನೆಯ ಮಣ್ಣಿನ ಏರಿ ಹಾಕುತ್ತಿದ್ದರು. ನೀರು ನಿಂತು ಇಂಗಿದ ಮೇಲೆ ಆ ಹಸಿಯಲ್ಲೇ ಚಳಿಗಾಲದ ಗೋಧಿ, ಕಡಲೆ ಬಿತ್ತುತ್ತಿದ್ದರು. ಗಾಂಧಿವಾದಿ ಅನುಪಮ್ ಮಿಶ್ರ 1995ರಲ್ಲಿ ಹಿಂದಿಯಲ್ಲಿ ಬರೆದ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಈ ಜನರ ನೀರಿನ ಜಾಣ್ಮೆಯನ್ನೇ ಕುರಿತ ಪುಸ್ತಕ. ಕೆಲವು ಖಡೀನ್‌ಗಳಲ್ಲಿ ಇಂದಿಗೂ ಬೆಳೆ ಬರುತ್ತದೆ. ಪ್ರವಾಸಿಗೆ ಮಾತ್ರ ಕುಲಧರಾ ‘ದೆವ್ವದ ಊರು’ ಎಂದಷ್ಟೇ ಪರಿಚಯ.

ಸಮ್ ದಿಣ್ಣೆಯಲ್ಲಿ ನಮ್ಮ ಒಂಟೆಯ ಮೂಗುದಾರ ಹಿಡಿದಿದ್ದವರು ಅರವತ್ತು ದಾಟಿದ ಸಿಂಧಿ ಮುಸ್ಲಿಂ ಹಿರಿಯರು. ನಮ್ಮ ದಖ್ಖನಿ ಉರ್ದು ಕೇಳಿ ಅವರಿಗೆ ನಗು. ಅವರ ಸಿಂಧಿ ಬೆರೆತ ಮಾರ್ವಾಡಿ ಅರ್ಥವಾಗದೆ ನಮಗೆ ಪೇಚು. ‘ಚಾಚಾ, ನಿಮ್ಮ ಹಿರಿಯರೂ ಇದೇ ಕೆಲಸ ಮಾಡುತ್ತಿದ್ದರೆ?’ ಎಂದೆವು. ‘ಇಲ್ಲ ಬೇಟಾ. ಅವರು ಒಂಟೆಯ ಮೇಲೆ ತುಪ್ಪ, ಉಣ್ಣೆ ಹೇರಿಕೊಂಡು ಸಿಂಧ್‌ಗೆ ಹೋಗಿ ಧಾನ್ಯ ತರುತ್ತಿದ್ದರು. ನಾವು ಪ್ರವಾಸಿಗಳನ್ನು ಹೇರಿಕೊಂಡು ಆ ದಿಣ್ಣೆಯವರೆಗೆ ಹೋಗಿ ಬರುತ್ತೇವೆ’ ಎಂದರು. ಆ ಮಾತಿನಲ್ಲಿ ದೂರಿನ ದನಿಯಿರಲಿಲ್ಲ. ಆದರೆ ಒಂದು ಜನಾಂಗದ ಲೋಕವೇ ಹೇಗೆ ಕಿರಿದಾಯಿತೆಂಬ ಲೆಕ್ಕ ಅದರಲ್ಲಿತ್ತು.

1947ರಲ್ಲಿ ಭೂಪಟದ ಮೇಲೆ ಗೆರೆ ಎಳೆದರೂ ಮರಳಿನ ಮೇಲೆ ಅದು ಕೂಡಲೇ ಮೂಡಲಿಲ್ಲ. ಹೆಣ್ಣು ತರುವುದು, ಕೊಡುವುದು, ದನ ಮೇಯಿಸುವುದು ಒಂದಿಷ್ಟು ಕಾಲ ನಡೆದೇ ಇತ್ತು. 1965ರ ಯುದ್ಧ ಅದನ್ನು ಮುಚ್ಚಿತು. ನೆರೆಯ ಬಾಡಮೇರ್ ಜಿಲ್ಲೆಯ ಮುನಾಬಾವ್ ಮೂಲಕ ಸಿಂಧ್‌ಗೆ ಹೋಗುತ್ತಿದ್ದ ರೈಲು ನಿಂತಿತು. 1971ರ ಡಿಸೆಂಬರಿನ ಲೋಂಗೇವಾಲಾ ಕದನದ ಬಗ್ಗೆ ಪ್ರತಿಯೊಬ್ಬ ಮಾರ್ಗದರ್ಶಿಯೂ ಹುರುಪಿನಿಂದ ಹೇಳುತ್ತಾನೆ. ಆ ಯುದ್ಧದ ನಂತರ ಥಾರ್‌ಪಾರ್ಕರ್ ಕಡೆಯಿಂದ ಮನೆಮಠ ಬಿಟ್ಟು ಬಂದ ಸಾವಿರಾರು ಹಿಂದೂ ಕುಟುಂಬಗಳ ಮಾತು ಬರುವುದು ಅಪರೂಪ. ಮುಂದೆ ತಂತಿ ಬೇಲಿಯೂ ಬಂತು.

ಗಡಿ ಮುಚ್ಚಿದಾಗ ಕಷ್ಟಕ್ಕೆ ಸಿಕ್ಕವರು ಮುಸಲ್ಮಾನರಷ್ಟೇ ಅಲ್ಲ. ಹುಮಾಯೂನನಿಗೆ ಆಸರೆ ಕೊಟ್ಟ ಅದೇ ಸೋಢಾ ರಜಪೂತರು ಇಂದಿಗೂ ಪಾಕಿಸ್ತಾನದ ಉಮರ್‌ಕೋಟ್‌ನಲ್ಲಿದ್ದಾರೆ. ಸ್ವಕುಲದಲ್ಲಿ ಮದುವೆಯಾಗುವ ಪದ್ಧತಿ ಅವರಲ್ಲಿಲ್ಲ. ಹೆಣ್ಣು ಗಂಡು ಹುಡುಕಲು ರಾಜಸ್ಥಾನಕ್ಕೇ ಬರಬೇಕು. ನಲವತ್ತೊಂದು ವರ್ಷಗಳ ನಂತರ, 2006ರ ಫೆಬ್ರವರಿಯಲ್ಲಿ ಥಾರ್ ಎಕ್ಸ್‌ಪ್ರೆಸ್ ಹೆಸರಿನಲ್ಲಿ ಆ ರೈಲು ಮತ್ತೆ ಹೊರಟಾಗ ಎರಡೂ ಕಡೆಯ ಪ್ಲಾಟ್‌ಫಾರಂಗಳಲ್ಲಿ ಮುದುಕರು ಅತ್ತರು. 2019ರ ಆಗಸ್ಟಿನಲ್ಲಿ ಅದು ಪುನಃ ನಿಂತಿತು, ಆಮೇಲೆ ಹೊರಟಿಲ್ಲ.

ಡೇರೆಯಲ್ಲಿ ಆ ರಾತ್ರಿ ಹಾಡಿದವರು ಮಾಂಗಣಿಯಾರರು. ಅವರು ಮುಸಲ್ಮಾನರು, ತಲೆತಲಾಂತರದಿಂದ ಅವರ ಯಜಮಾನರು ಹೆಚ್ಚಾಗಿ ಹಿಂದೂ ರಜಪೂತರು. ಯಜಮಾನನ ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ ಹಾಡಬೇಕಾದವರು ಇವರೇ. ಆ ಮನೆತನದ ವಂಶಾವಳಿ ಬಾಯಿಪಾಠವಾಗಿ ಉಳಿದಿರುವುದೂ ಇವರಲ್ಲಿ. ಪ್ರತಿಯಾಗಿ ಧಾನ್ಯ, ಆಡು, ಒಂಟೆ ಕೊಡುವುದು ಯಜಮಾನನ ಕರ್ತವ್ಯ. ಇವರಂತೆಯೇ ಹಾಡುಗಾರರಾದ ಲಂಗಾ ಜನರಿಗೆ ಸಿಂಧಿ ಮುಸಲ್ಮಾನರೇ ಯಜಮಾನರು. ಈ ಸಂಗೀತದ ಬೆಲೆಯನ್ನು ಹೊರಜಗತ್ತಿಗೆ ತಿಳಿಸಲು ಜೀವನವನ್ನೇ ಸವೆಸಿದವರು ಜಾನಪದ ವಿದ್ವಾಂಸ ಕೋಮಲ್ ಕೋಠಾರಿ (1929–2004). ಹಮೀರಾ ಗ್ರಾಮದ ಕಮಾಯ್‌ಚಾ ವಾದಕ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು; ಮರುವರ್ಷವೇ ಅವರು ತೀರಿಕೊಂಡರು. ಆಡಿನ ತೊಗಲು ಬಿಗಿದ ಆ ದುಂಡು ವಾದ್ಯವನ್ನು ನುಡಿಸುವವರು ಈಗ ಕಡಿಮೆ. ಡೇರೆಗಳಲ್ಲಿ ಹಾರ್ಮೋನಿಯಂ, ಢೋಲಕ್, ಖಡತಾಲ್ ಸಾಕು. ಪ್ರವಾಸಿಗಳು ಕೇಳುವುದು ಗೊತ್ತಿರುವ ನಾಲ್ಕೈದು ಹಾಡುಗಳನ್ನೇ. ಅದರಲ್ಲೊಂದು ಸೇಹ್ವಾನಿನ ಸೂಫಿ ಸಂತ ಲಾಲ್ ಶಹಬಾಜ್ ಕಲಂದರರದು. ಸೇಹ್ವಾನ್ ಇರುವುದು ಗಡಿಯಾಚೆಯ ಸಿಂಧ್‌ನಲ್ಲಿ. ಚಪ್ಪಾಳೆ ತಟ್ಟಿ ಕುಣಿಯುವ ಎಷ್ಟು ಮಂದಿಗೆ ಇದು ತಿಳಿದಿರುತ್ತದೋ!

ಸಫಾರಿ ಬೇಡವೆಂದು ನಾವು ಹೇಳುವುದಿಲ್ಲ. ದಾರಿ ಮುಚ್ಚಿ, ಊರು ಬಡವಾಗಿದ್ದ ಜೈಸಲ್ಮೇರಿಗೆ ಪ್ರವಾಸೋದ್ಯಮವೇ ಮತ್ತೆ ಜೀವ ಕೊಟ್ಟದ್ದು. 1974ರಲ್ಲಿ ಸತ್ಯಜಿತ್ ರಾಯ್ ಅವರ ‘ಸೋನಾರ್ ಕೇಲ್ಲಾ’ ಚಿತ್ರ ಬಂದ ಮೇಲೆ ಬಂಗಾಳಿಗಳು ಈ ಕೋಟೆ ಹುಡುಕಿಕೊಂಡು ಬರತೊಡಗಿದರು. ಕ್ರಮೇಣ ಜಗತ್ತೇ ಬಂತು. ಆ ಚಾಚಾರ ಮನೆಯ ಒಲೆ ಉರಿಯುವುದೂ ಅದರಿಂದಲೇ. ಒಂಟೆಗೂ ಈಗ ಬೇರೆ ಕೆಲಸ ಕಡಿಮೆ. ಟ್ರ್ಯಾಕ್ಟರು, ಜೀಪು ಬಂದವು. ಕಾಲುವೆ ಬಂದು ಗೋಮಾಳ ಹೊಲವಾಯಿತು. 2012ರಲ್ಲಿ ದೇಶದಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಒಂಟೆಗಳು 2019ರ ಜಾನುವಾರು ಗಣತಿಯಲ್ಲಿ ಎರಡೂವರೆ ಲಕ್ಷಕ್ಕೆ ಇಳಿದವು. ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿ, 2015ರಲ್ಲಿ ಅದರ ವಧೆಯನ್ನೂ ಹೊರರಾಜ್ಯ ಸಾಗಣೆಯನ್ನೂ ಕಾನೂನಿನಿಂದ ನಿರ್ಬಂಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಸಂತೆಯಲ್ಲಿ ಕೊಳ್ಳುವವರು ಇಲ್ಲದಂತಾಗಿ ಸಾಕುವ ರೈಕಾ ಜನರಿಗೆ ಅದರಿಂದ ತೊಂದರೆಯೇ ಆಯಿತೆಂಬ ಮಾತು ವ್ಯಾಪಕವಾಗಿ ಕೇಳಿಬಂತು. ಬಿಡಿಸಿಕೊಂಡು ಹೋಗುವ ಸರಕು ಇಲ್ಲದಿದ್ದರೆ ಬರೀ ಗೌರವದಿಂದ ಒಂಟೆಯ ಹೊಟ್ಟೆ ತುಂಬೀತೆ?

ನಮ್ಮ ಕೋರಿಕೆ ಇಷ್ಟೇ. ಜೈಸಲ್ಮೇರಿಗೆ ಹೋಗುವವರು ದಿಣ್ಣೆಯ ಮೇಲೆ ಸೂರ್ಯ ಮುಳುಗುವುದನ್ನು ನೋಡಲಿ. ಮುಳುಗುವ ದಿಕ್ಕಿನಲ್ಲಿ ಅಮರಕೋಟೆಯೂ ಸೇಹ್ವಾನೂ ಇವೆ ಎಂಬುದನ್ನು ಜೊತೆಗಿರುವ ಮಕ್ಕಳಿಗೆ ಹೇಳಲಿ. ಕುಲಧರಾದಲ್ಲಿ ದೆವ್ವದ ಬದಲು ಖಡೀನ್ ಎಲ್ಲಿದೆ ಎಂದು ಕೇಳಲಿ. ಹಾಡುಗಾರನಿಗೆ ನೋಟು ಎಸೆಯುವ ಬದಲು ಕೈಗೆ ಕೊಟ್ಟು, ಯಾವ ಊರು, ಯಾರ ಮನೆಯ ಹಾಡುಗಾರ ಎಂದು ವಿಚಾರಿಸಲಿ. ಮೂಗುದಾರ ಹಿಡಿದವರನ್ನು ಮಾತಾಡಿಸಲಿ. ಪುಸ್ತಕಗಳಲ್ಲಿ ಇರದ ಚರಿತ್ರೆ ಅವರಲ್ಲಿದೆ. ಅದನ್ನು ನೆನಪಿಟ್ಟುಕೊಂಡಿರುವ ತಲೆಮಾರು ಇನ್ನು ಹೆಚ್ಚು ಕಾಲ ಇರುವುದಿಲ್ಲ.